ಎಂ.ಕೆ. ಹುಬ್ಬಳ್ಳಿಯ ದಲ್ಲಾಳಿ ಅಣ್ಣಂದಿರಿಗೆ ಒಂದು ಬಹಿರಂಗ ಪತ್ರ

ಅಣ್ಣಾವ್ರೇ,

ಈ ಮಾತುಗಳನ್ನು ನಿಮ್ಮಲ್ಲಿ ಒಬ್ಬಿಬ್ಬರ ಮನೆಗೆ ಬಂದು ಹೇಳಬಹುದಿತ್ತು. ಆದರೆ ನಿಮ್ಮ ಹೆಸರು ಕೆಟ್ಟಿರುವುದು ಚಹಾದಂಗಡಿಯಲ್ಲಿ, ಬಸ್ ಸ್ಟ್ಯಾಂಡಿನಲ್ಲಿ, ಮದುವೆಯ ಪಂಕ್ತಿಯಲ್ಲಿ. ಆದ್ದರಿಂದ ನಾಲ್ಕು ಮಂದಿಯ ಎದುರಿಗೇ ಬರೆಯುತ್ತಿದ್ದೇನೆ.

ಊರಿನ ಮಾತು ನಿಮಗೂ ಗೊತ್ತು. "ಎರಡೂ ಕಡೆ ತಿಂತಾರ." "ಇಲ್ಲದ ಗಿರಾಕಿ ತೋರಿಸಿ ರೇಟ್ ಏರಸ್ತಾರ." "ಇಸಾರ ಕೊಡಸೂತನಕ ದಿನಾ ಮನಿಗೆ ಬರ್ತಾರ, ಆಮ್ಯಾಲೆ ಫೋನ್ ಎತ್ತಂಗಿಲ್ಲ." ಹೀಗೆ ಅಂದವರ ಮನೆಯಲ್ಲೇ ಮಗಳ ಮದುವೆ ಕೂಡಿಬಂದು ಎರಡು ಎಕರೆ ಮಾರುವ ಪ್ರಸಂಗ ಬಂದರೆ ಮೊದಲ ಫೋನು ಬರುವುದು ನಿಮಗೇ. ಬೈಯುವವರೂ ನಾವೇ, ಕರೆಯುವವರೂ ನಾವೇ. ಒಂದು ಊರು ತನಗೆ ಬೇಕಾದವರನ್ನೇ ಹೀಗೆ ಕಳ್ಳರೆಂದು ಕರೆಯುತ್ತಿದ್ದರೆ, ತಪ್ಪು ಮನುಷ್ಯರಲ್ಲಿ ಮಾತ್ರ ಇಲ್ಲ, ವ್ಯವಹಾರದ ಪದ್ಧತಿಯಲ್ಲೇ ಇದೆ ಎಂಬುದು ನನ್ನ ನಂಬಿಕೆ.

ಆ ಪದ್ಧತಿಯನ್ನು ಕಲಿಸಿದವರು ನಾವೇ. ಹೊಲ ಮಾರುವವನು ನಿಮಗೆ ಹೇಳುವುದೇನು? "ನನ್ನ ಕೈಗೆ ಇಷ್ಟು ಬಂದ್ರ ಸಾಕು, ಮ್ಯಾಲಿಂದು ನಿಂದು." ಆ ಒಂದು ಮಾತಿನಿಂದಲೇ ಎಲ್ಲ ಕೆಡುತ್ತದೆ. ನೂರಕ್ಕೆ ಒಂದೋ ಎರಡೋ ಎಂಬ ಬಹಿರಂಗದ ದಲಾಲಿ ಹೋಗಿ, ಮಾರುವವನಿಗೂ ಕೊಳ್ಳುವವನಿಗೂ ಕಾಣದ ಅಂತರವೇ ನಿಮ್ಮ ಗಳಿಕೆಯಾಗುತ್ತದೆ. ಆಮೇಲೆ ಇಬ್ಬರನ್ನೂ ಎದುರುಬದುರು ಕೂರಿಸಲು ನಿಮಗೆ ಧೈರ್ಯ ಸಾಲುವುದಿಲ್ಲ. ವ್ಯವಹಾರ ಮುಗಿದ ಮೇಲೆ ಅವರಿಬ್ಬರೂ ಎಲ್ಲೋ ಭೇಟಿಯಾಗಿ ಲೆಕ್ಕ ಹೇಳಿಕೊಂಡರೆ ನೀವು ಕಳ್ಳರು. ಮಾರಾಟವಾದರೆ ಮಾತ್ರ ದುಡ್ಡು, ಆಗದಿದ್ದರೆ ನಿಮ್ಮ ಪೆಟ್ರೋಲಿನ ಖರ್ಚೂ ನಿಮ್ಮ ಮೈಮೇಲೆ. ಹೊಲದ ಕೊರತೆ ಹೇಳಿದವನಿಗೆ ಏನೂ ಸಿಗದೆ, ಸುಮ್ಮನಿದ್ದವನಿಗೆ ಹಣ ಸಿಗುವ ಏರ್ಪಾಡು ಇದು.

ಮೊದಲು ಇದು ಹೇಗೋ ನಡೆಯುತ್ತಿತ್ತು. ಕೊಳ್ಳುವವನೂ ಆಜುಬಾಜಿನ ಹಳ್ಳಿಯವನೇ. ಹೊಲದ ಚರಿತ್ರೆ ಅವನಿಗೂ ಗೊತ್ತು. ಆದರೆ ನಮ್ಮೂರು ಬೆಳಗಾವಿ–ಧಾರವಾಡದ ನಡುವೆ ಹೆದ್ದಾರಿಯ ಮೇಲೆಯೇ ಕೂತಿದೆ. 2020ರಲ್ಲಿ ಭೂಸುಧಾರಣಾ ಕಾಯ್ದೆಯ 79ಎ, 79ಬಿ ಕಲಮುಗಳು ಹೋದ ಮೇಲೆ ರೈತರಲ್ಲದವರೂ ಹೊಲ ಕೊಳ್ಳಬಹುದು. ಕಾರಿನಲ್ಲಿ ಬಂದು ರಸ್ತೆಯ ಬದಿಗೆ ನಿಂತು, ಮಲಪ್ರಭೆಯ ಕಡೆಯ ಕಬ್ಬಿನ ಹಸಿರು ನೋಡಿ ಮನಸ್ಸು ಕೊಡುವ ಮನುಷ್ಯನಿಗೆ ಈ ಊರಿನಲ್ಲಿ ಗೊತ್ತಿರುವುದು ನಿಮ್ಮ ಮುಖ ಒಂದೇ.

ಅದೇ ಹೊತ್ತಿಗೆ ನಿಮ್ಮ ಕೈಯಲ್ಲಿದ್ದದ್ದೂ ಜಾರಿತು. ಹೊಲದ ಪಹಣಿ ಉತಾರ ತೆಗೆಸಿಕೊಡುವುದೇ ಒಂದು ವಿದ್ಯೆಯಾಗಿದ್ದ ಕಾಲ ಇತ್ತು. ಭೂಮಿ ಯೋಜನೆ ಬಂದು ಉತಾರ ಕಂಪ್ಯೂಟರಿಗೆ ಹೋಯಿತು. ಈಗ ಅದು ಎಲ್ಲರ ಫೋನಿನಲ್ಲಿದೆ. 2023ರಲ್ಲಿ ನೋಂದಣಿ ಇಲಾಖೆಯ ಕಾವೇರಿ 2.0 ತಂತ್ರಾಂಶ ಬಂತು, ಋಣಭಾರ ಪತ್ರಕ್ಕೆ ಮನೆಯಿಂದಲೇ ಅರ್ಜಿ ಹಾಕಬಹುದು. 2024ರಿಂದ ಜಿಲ್ಲೆಯ ಯಾವ ಉಪನೋಂದಣಿ ಕಚೇರಿಯಲ್ಲಾದರೂ ಖರೀದಿ ನೋಂದಾಯಿಸಬಹುದು, ಪ್ಲಾಟಿಗೆ ಇ-ಖಾತೆ ಇಲ್ಲದಿದ್ದರೆ ನೋಂದಣಿಯೇ ಇಲ್ಲ. "ಇನ್ನ ನಮ್ಮನ್ನ ಯಾರು ಕೇಳ್ತಾರ?" ಎಂಬ ನಿಮ್ಮ ಚಿಂತೆ ಸುಳ್ಳಲ್ಲ. ಮನೆ ನಡೆಸುವ ಚಿಂತೆ ಅದು.

ಆದರೂ ನಿಮ್ಮ ಕೆಲಸ ಮುಗಿದಿಲ್ಲ. ಉತಾರದಲ್ಲಿ ಇಲ್ಲದ್ದು ಬಹಳ ಇದೆ, ಅದನ್ನು ಬಲ್ಲವರು ನೀವು.

ಅಕ್ಕ-ತಂಗಿಯರ ಪಾಲನ್ನೇ ನೋಡಿ. ಉತಾರದಲ್ಲಿ ಹಿರಿಯ ಮಗನ ಹೆಸರೊಂದೇ ಇರುತ್ತದೆ. ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಸಮಪಾಲು ಎಂದು ಕರ್ನಾಟಕ 1994ರಲ್ಲೇ ಕಾನೂನು ಮಾಡಿತು. 2005ರಲ್ಲಿ ಅದು ದೇಶಕ್ಕೆಲ್ಲ ಬಂತು. ಆ ಹೊತ್ತಿಗೆ ತಂದೆ ಬದುಕಿರಲೇಬೇಕೆಂದಿಲ್ಲ ಎಂದು 2020ರಲ್ಲಿ ವಿನೀತಾ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಯಾವ ಮನೆಯ ಮಗಳು ಬೈಲಹೊಂಗಲಕ್ಕೆ ಹೋಗಿದ್ದಾಳೆ, ಯಾರು ಸವದತ್ತಿಯಲ್ಲಿದ್ದಾರೆ, ಯಾರಿಗೆ ಸೀರೆ-ಕುಪ್ಪಸ ಕೊಟ್ಟು ಸಹಿ ಮಾಡಿಸಿಕೊಂಡರು, ಯಾರನ್ನು ಕೇಳಲೇ ಇಲ್ಲ, ಇದೆಲ್ಲ ನಿಮಗೆ ಗೊತ್ತು. ಗೊತ್ತಿದ್ದೂ ಬಾಯಿ ಮುಚ್ಚಿದಾಗ ಇಬ್ಬರಿಗೆ ಅನ್ಯಾಯವಾಗುತ್ತದೆ. ಆ ಹೆಣ್ಣುಮಗಳ ಪಾಲು ಹೋಗುತ್ತದೆ. ಮುಂದೆ ಅವಳು ವಾಟ್ನಿ ದಾವೆ ಹೂಡಿದಾಗ, ಜೀವಮಾನದ ಉಳಿತಾಯ ಸುರಿದು ಕೊಂಡವನು ತಡೆಯಾಜ್ಞೆ ಹಿಡಿದು ಕೋರ್ಟಿನ ಕಟ್ಟೆಯ ಮೇಲೆ ಕೂರುತ್ತಾನೆ. ಆಗ ನಮ್ಮೂರಿನ ಹೆಸರೂ ನಿಮ್ಮ ಹೆಸರಿನ ಜೊತೆಗೇ ಕೆಡುತ್ತದೆ.

ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನಿನದೂ ಹೀಗೇ. 1978ರ ಕಾಯ್ದೆಯ ಪ್ರಕಾರ ಸರ್ಕಾರದ ಪರವಾನಗಿ ಇಲ್ಲದೆ ಅದನ್ನು ಮಾರುವಂತಿಲ್ಲ. ಮರಳಿ ಕೇಳಲು ಕಾಲಮಿತಿಯೂ ಇಲ್ಲ ಎಂದು 2023ರ ತಿದ್ದುಪಡಿ ಹೇಳಿದೆ. ಬಾಂಡ್ ಪೇಪರಿನ ಮೇಲೆ, ಮುಖತ್ಯಾರಪತ್ರದ ಮೇಲೆ ಗುಂಟೆಗಟ್ಟಲೆ ಮಾರಿಸುವವರಿಗೂ ಒಂದು ಮಾತು: ಅದರಿಂದ ಒಡೆತನ ಬರುವುದಿಲ್ಲವೆಂದು ಸುಪ್ರೀಂ ಕೋರ್ಟ್ 2011ರಲ್ಲೇ ತೀರ್ಪು ಕೊಟ್ಟಿದೆ. ಗೊತ್ತಿಲ್ಲದವರಿಗೆ ಇಂಥ ಕಾಗದ ತೋರಿಸಿ ದುಡ್ಡು ತೆಗೆದುಕೊಳ್ಳುವುದಕ್ಕೆ ಮೋಸ ಎಂದೇ ಹೆಸರು. ಇಲ್ಲಿ ನಾನು ನಿಮ್ಮ ಪಕ್ಷ ವಹಿಸಲಾರೆ.

ಇನ್ನು ಹೊಲಕ್ಕೆ ಬಂಡಿ ಹೋಗುವ ದಾರಿ ಯಾರ ಬದುವಿನ ಮೇಲಿದೆ, ಮಳೆಗಾಲದಲ್ಲಿ ನೀರು ಎಲ್ಲಿಯತನಕ ನಿಲ್ಲುತ್ತದೆ, ಪಕ್ಕದವನು ಎಷ್ಟು ಒತ್ತಿದ್ದಾನೆ ಎಂಬುದನ್ನು ಯಾವ ಆ್ಯಪ್ ಹೇಳುತ್ತದೆ? ಈ ತಿಳಿವಳಿಕೆಗೇ ನೀವು ಬೆಲೆ ಕೇಳಬೇಕು. ಹೊಲ ಪರೀಕ್ಷೆ ಮಾಡಿ ಇದ್ದದ್ದು ಇದ್ದಂತೆ ಬರೆದುಕೊಟ್ಟದ್ದಕ್ಕೆ ಇಷ್ಟು ಎಂದು ಮೊದಲೇ ಹೇಳಿ ತೆಗೆದುಕೊಳ್ಳಿ, ವ್ಯವಹಾರ ಮುರಿದರೂ ತೆಗೆದುಕೊಳ್ಳಿ. ಕೊಡುವುದು ಕೊಳ್ಳುವವನಿಗೂ ಹಗುರ: 5% ಮುದ್ರಾಂಕ ಶುಲ್ಕ, 2025ರ ಆಗಸ್ಟ್ ಕೊನೆಯಿಂದ ಇಮ್ಮಡಿಯಾದ 2% ನೋಂದಣಿ ಶುಲ್ಕ ಕಟ್ಟುವವನು ಕೋರ್ಟು ತಪ್ಪಿಸುವ ಮಾತಿಗೆ ಹಣ ಕೊಡಲಾರನೇ?

ಲೇಔಟಿನ ಪ್ಲಾಟು ಮಾರಿಸುವವರು ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರದಲ್ಲಿ, ಅಂದರೆ ರೇರಾದಲ್ಲಿ, ಹೆಸರು ಹಚ್ಚಿಸಿರಿ. 2016ರ ಆ ಕಾಯ್ದೆಯಂತೆ ನೋಂದಣಿ ಇಲ್ಲದ ಏಜೆಂಟರಿಗೆ ದಿನಕ್ಕೆ 10,000 ರೂಪಾಯಿ ದಂಡ, ಪ್ಲಾಟಿನ ಬೆಲೆಯ ಶೇಕಡಾ 5ರವರೆಗೆ. ಹೊಲದ ವ್ಯವಹಾರಕ್ಕೆ ಆ ಕಾಯ್ದೆ ಇಲ್ಲ. ಅಲ್ಲಿ ಕಟ್ಟು ಹಾಕಿಕೊಳ್ಳಬೇಕಾದವರು ನೀವೇ.

ಊರವರಿಗೂ ಇಲ್ಲಿಯೇ ಹೇಳುತ್ತೇನೆ. ಕಾಗದದಲ್ಲಿ ಸರ್ಕಾರಿ ರೇಟು ಬರೆಸಿ ಉಳಿದದ್ದನ್ನು ದಲ್ಲಾಳಿಯ ಕೈಯಿಂದ ಚೀಲದಲ್ಲಿ ತರಿಸುವವರು ನಾವು. ಸ್ಥಿರಾಸ್ತಿಯ ವ್ಯವಹಾರದಲ್ಲಿ 20,000 ರೂಪಾಯಿ ಮತ್ತು ಅದಕ್ಕೆ ಮೇಲ್ಪಟ್ಟು ನಗದು ತೆಗೆದುಕೊಳ್ಳುವುದನ್ನು 2015ರಿಂದ ಆದಾಯ ತೆರಿಗೆ ಕಾಯ್ದೆ ನಿಷೇಧಿಸಿದೆ. ಆ ಚೀಲ ಹೊತ್ತವನಿಂದಲೇ ಆಮೇಲೆ ಪ್ರಾಮಾಣಿಕತೆ ಕೇಳುವ ಹಕ್ಕು ನಮಗಿಲ್ಲ.

ಅಣ್ಣಾವ್ರೇ, ಮುಂದಿನ ಇಸಾರ ಪತ್ರ ಬರೆಸುವಾಗ ಎರಡು ಸಾಲು ಹೆಚ್ಚಿಗೆ ಬರೆಸಿರಿ. ಒಂದು, ಯಾರಿಂದ ಎಷ್ಟು ದಲಾಲಿ ತೆಗೆದುಕೊಳ್ಳುತ್ತೀರಿ ಎಂಬುದು. ಇನ್ನೊಂದು, ಆ ಮನೆಯ ಹೆಣ್ಣುಮಕ್ಕಳೆಲ್ಲರ ಹೆಸರು. ಮಾರುವವನೂ ಕೊಳ್ಳುವವನೂ ಇಬ್ಬರೂ ಕೂತಿರುವಾಗ ಅದನ್ನು ಗಟ್ಟಿಯಾಗಿ ಓದಿಸಿರಿ. ಆ ವ್ಯವಹಾರ ಮುರಿದು ಬೀಳಬಹುದು. ಮುರಿದರೆ ನಿಮ್ಮ ಪರೀಕ್ಷೆಯ ಹಣ ಕೊಡಿಸುವುದಕ್ಕೆ ನಾನು ನಿಮ್ಮ ಜೊತೆ ಬಂದು ಕೂರುತ್ತೇನೆ.

ಇಂತಿ,
ನಿಮ್ಮೂರಿನವ