ಹವ್ಯಾಸಗಳು: ಓದುವುದು, ಸಂಗೀತ ಕೇಳುವುದು

ನಮ್ಮ ನಾಡಿನಲ್ಲಿ ಸೋಮಾರಿಗಳು ಒಬ್ಬರೂ ಇಲ್ಲ. ನಂಬಿಕೆ ಬಾರದಿದ್ದರೆ ಯಾವ ಕಂಪನಿಗಾದರೂ ಬಂದು ಬಿದ್ದಿರುವ ರೆಸ್ಯೂಮೆಗಳನ್ನು ತಿರುವಿ ಹಾಕಿ. ಎಲ್ಲರೂ ಹಾರ್ಡ್‌ವರ್ಕಿಂಗ್, ಎಲ್ಲರೂ ಟೀಮ್ ಪ್ಲೇಯರ್, ಎಲ್ಲರಿಗೂ ಲೀಡರ್‌ಶಿಪ್ ಕ್ವಾಲಿಟಿ. ಇಷ್ಟು ಜನ ನಾಯಕರಾದರೆ ಹಿಂಬಾಲಿಸುವವರು ಯಾರಪ್ಪಾ? ಹವ್ಯಾಸದ ಸಾಲಿನಲ್ಲಿ ಎಲ್ಲರೂ ಪುಸ್ತಕ ಓದುತ್ತಾರೆ. ಪ್ರಕಾಶಕರು ಮಾತ್ರ ಅದೇಕೋ ಗೋಳಾಡುತ್ತಲೇ ಇದ್ದಾರೆ. ಕೊನೆಗೆ, ಮೇಲೆ ಹೇಳಿದ್ದೆಲ್ಲ ನಿಜವೆಂಬ ಪ್ರಮಾಣ. ಸ್ಥಳ, ದಿನಾಂಕ, ಸಹಿ.

ನಮ್ಮ ಬೀದಿಯ ಹುಡುಗರು ಇಂಥದ್ದೊಂದು ಹಾಳೆ ಹಿಡಿದು “ಸ್ವಲ್ಪ ನೋಡಿಕೊಡಿ ಅಂಕಲ್” ಎಂದು ಬರುತ್ತಾರೆ. ಹಾಸನದ ಕಡೆಯ ಹುಡುಗನೊಬ್ಬ, ಮೆಕ್ಯಾನಿಕಲ್ ಮುಗಿಸಿದವನು, “ಎಕ್ಸಲೆಂಟ್ ಆರ್ಗನೈಸಿಂಗ್ ಸ್ಕಿಲ್ಸ್” ಎಂದು ದಪ್ಪಕ್ಷರದಲ್ಲಿ ಬರೆದಿದ್ದ. ಏನು ಆರ್ಗನೈಸ್ ಮಾಡಿದೆಯಪ್ಪಾ ಅಂದೆ. ತಲೆ ಕೆರೆದುಕೊಂಡ. ಗೂಗಲ್‌ನಲ್ಲಿ ಸಿಕ್ಕಿದ್ದು, ಹಾಕಿದೆ ಅಂದ. ಕಾಫಿ ಕೊಟ್ಟು ಕೆದಕಿದಾಗ ಹೊರಬಿತ್ತು: ಹಾಸ್ಟೆಲ್ ಮೆಸ್ಸಿನ ಲೆಕ್ಕ ಬರೆಯುತ್ತಿದ್ದವನು ಇವನೇ. ಭಾನುವಾರ ರಾತ್ರಿ ಅರ್ಧ ಹುಡುಗರು ಹೊರಗೆ ತಿನ್ನಲು ಹೋಗುವುದು, ಭಟ್ಟರು ಎಂದಿನಂತೆ ಎಲ್ಲರಿಗೂ ಬೇಯಿಸುವುದು, ಸೋಮವಾರ ಬೆಳಿಗ್ಗೆ ಮಿಕ್ಕ ಅನ್ನವೆಲ್ಲ ಚಿತ್ರಾನ್ನವಾಗಿ ಪ್ರತ್ಯಕ್ಷವಾಗುವುದು. ಇವನು ಬಾಗಿಲಿಗೆ ಒಂದು ಹಾಳೆ ಅಂಟಿಸಿದ. ಸಂಜೆ ನಾಲ್ಕರೊಳಗೆ ಹೆಸರು ಬರೆದವರಿಗಷ್ಟೇ ಊಟ. ಮೊದಲ ವಾರ ಬೈಗುಳ, ಆಮೇಲೆ ಅಭ್ಯಾಸ. ಉಳಿದ ದುಡ್ಡಿನಲ್ಲಿ ತಿಂಗಳಿಗೊಮ್ಮೆ ಹೋಳಿಗೆ.

“ಇದನ್ನು ಯಾಕೋ ಬರೆಯಲಿಲ್ಲ?”

“ಅದು ಮೆಸ್ಸು ಅಂಕಲ್, ಇಂಜಿನಿಯರಿಂಗ್ ಅಲ್ಲವಲ್ಲ.”

ನೋಡಿ, ಮಾಡದ್ದಕ್ಕೆ ದಪ್ಪಕ್ಷರ, ಮಾಡಿದ್ದಕ್ಕೆ ಸಂಕೋಚ! ಯಂತ್ರ ತಿದ್ದಲಿ, ಸಾರು ತಿದ್ದಲಿ, ಎಲ್ಲಿ ಪೋಲಾಗುತ್ತಿದೆ ಎಂದು ಕಂಡುಹಿಡಿದು ನಿಲ್ಲಿಸಿದವನನ್ನೇ ಅಲ್ಲವೇ ಕಾರ್ಖಾನೆಯವರು ಹುಡುಕುವುದು? ಎಷ್ಟು ಜನರ ಮೆಸ್ಸು, ಏನು ಮಾಡಿದೆ, ಎಷ್ಟು ಉಳಿಯಿತು ಎಂದು ಎರಡು ಸಾಲು ಬರೆಸಿದೆ. ದಪ್ಪಕ್ಷರ ಹೊಡೆದುಹಾಕಿದೆ. ಹುಡುಗನಿಗೆ ಅಷ್ಟು ಸಮಾಧಾನವಾದಂತೆ ಕಾಣಲಿಲ್ಲ.

ಕೇಳುವವನಿಗೆ ಏನು ಬೇಕೆಂದು ನೋಡಿ ಬರೆಯುವ ವಿದ್ಯೆ ಹೊಸದಲ್ಲ. 1482ರ ಸುಮಾರಿಗೆ ಲಿಯನಾರ್ಡೊ ಡಾ ವಿಂಚಿ ಮಿಲಾನಿನ ಲುಡೊವಿಕೊ ಸ್ಫೋರ್ಜಾನಿಗೆ ಕೆಲಸ ಕೇಳಿದ ಪತ್ರದ ಕರಡು ಇಂದಿಗೂ ಉಳಿದಿದೆ. ಹೊತ್ತೊಯ್ಯಬಹುದಾದ ಸೇತುವೆ ಕಟ್ಟಬಲ್ಲೆ, ಫಿರಂಗಿ ಮಾಡಬಲ್ಲೆ, ಮುಚ್ಚಿದ ರಥ ಮಾಡಬಲ್ಲೆ ಎಂದು ಪಟ್ಟಿ ಹೋಗುತ್ತದೆ. ಚಿತ್ರವನ್ನೂ ಬರೆಯಬಲ್ಲೆ ಎಂಬುದು ಬರುವುದು ಪತ್ರದ ತುದಿಯಲ್ಲಿ! ಆ ದೊರೆಗೆ ಅಕ್ಕಪಕ್ಕದವರ ಜೊತೆ ಕದನದ ಚಿಂತೆ, ಚಿತ್ರದ್ದಲ್ಲ. ಮುಂದೆ ಅದೇ ದೊರೆಗಾಗಿ ಈತ ‘ಕೊನೆಯ ಭೋಜನ’ ಬರೆದ, ಅದು ಬೇರೆ ಮಾತು. ನಮ್ಮವರು ಬ್ಯಾಂಕಿಗೂ ಔಷಧ ಕಂಪನಿಗೂ ಒಂದೇ ಹಾಳೆ ಕಳಿಸುತ್ತಾರೆ. ನಿಮ್ಮ ಸಂಸ್ಥೆಯಲ್ಲೇ ದುಡಿಯುವುದು ನನ್ನ ಬಾಲ್ಯದ ಕನಸು ಎಂಬಲ್ಲಿ ಹಿಂದಿನ ಕಂಪನಿಯ ಹೆಸರು ಹಾಗೇ ಉಳಿದಿರುತ್ತದೆ.

ಬಾಲ್ಯ ಅಂದಕೂಡಲೇ ವಿದೇಶದ ವಿಶ್ವವಿದ್ಯಾಲಯಗಳು ನೆನಪಾದವು. ಸ್ಟೇಟ್‌ಮೆಂಟ್ ಆಫ್ ಪರ್ಪಸ್ ಎಂಬ ಪ್ರಬಂಧದಲ್ಲಿ ನಮ್ಮ ಮಕ್ಕಳಿಗೆಲ್ಲ ತೊಟ್ಟಿಲಲ್ಲೇ ಪ್ಯಾಶನ್ ಶುರುವಾಗಿರುತ್ತದೆ. ಬ್ರಿಟನ್ನಿನ ಪದವಿ ಪ್ರವೇಶದ ಅರ್ಜಿಗಳನ್ನು ನೋಡಿಕೊಳ್ಳುವ ಯುಕಾಸ್ ಸಂಸ್ಥೆ 2026ರ ಪ್ರವೇಶದಿಂದ ಆ ಉದ್ದನೆಯ ಆತ್ಮಕಥೆಯನ್ನೇ ಕೈಬಿಟ್ಟು ಮೂರು ಪ್ರಶ್ನೆ ಇಟ್ಟಿದೆ. ಈ ಕೋರ್ಸ್ ಏಕೆ, ಓದಿದ್ದು ನಿಮ್ಮನ್ನು ಹೇಗೆ ಸಿದ್ಧಗೊಳಿಸಿದೆ, ತರಗತಿಯ ಹೊರಗೆ ಏನು ಮಾಡಿದ್ದೀರಿ. ಎಲ್ಲಕ್ಕೂ ಸೇರಿ ಹಳೆಯ 4,000 ಅಕ್ಷರಗಳ ಮಿತಿಯೇ, ಖಾಲಿ ಜಾಗವೂ ಲೆಕ್ಕಕ್ಕೆ. ತೊಟ್ಟಿಲಿಗೆ ಜಾಗವಿಲ್ಲ. ಇನ್ನು ಶಿಫಾರಸು ಪತ್ರದ ಮಾತು ಕೇಳಲೇಬೇಡಿ. “ನೀನೇ ಬರಕೊಂಡು ಬಾಮ್ಮ, ಸಹಿ ಹಾಕ್ತೀನಿ” ಎನ್ನುವ ಪ್ರೊಫೆಸರುಗಳು ಎಲ್ಲ ಊರಲ್ಲೂ ಇದ್ದಾರೆ. ತನ್ನನ್ನು ತಾನೇ ಹೊಗಳಿಕೊಂಡು, ನಡುವೆ ವಿನಯಕ್ಕೊಂದು ದೋಷ ಸೇರಿಸುವ ಪಾಡು ಮಕ್ಕಳದು. ಈಗ ಚಾಟ್‌ಜಿಪಿಟಿ ಆ ಹೊರೆಯನ್ನೂ ಇಳಿಸಿದೆ. ಹಾಗಾಗಿ ನಮ್ಮ ಮಕ್ಕಳ ಮೇಲೆ ಬೆಂಗಳೂರಿನ ಪ್ರೊಫೆಸರಿಗೂ ಧಾರವಾಡದ ಪ್ರೊಫೆಸರಿಗೂ ಒಂದೇ ಅಭಿಪ್ರಾಯ, ಅದೂ ಒಂದೇ ಶಬ್ದಗಳಲ್ಲಿ.

ಇಂಟರ್‌ವ್ಯೂ ಈಗ ಮನೆಯಿಂದಲೇ. ಸೊಂಟದ ಮೇಲೆ ಇಸ್ತ್ರಿ ಮಾಡಿದ ಅಂಗಿ, ಟೈ, ಕೆಳಗೆ ಲುಂಗಿ. ಹಿಂದುಗಡೆ ಅಮ್ಮ ಕ್ಯಾಮೆರಾಗೆ ಬೀಳಬಾರದೆಂದು ಬಗ್ಗಿಕೊಂಡು ದಾಟುತ್ತಾರೆ. ಬಗ್ಗಿದ್ದೇ ಎದ್ದು ಕಾಣುತ್ತದೆ. “ಟೆಲ್ ಮಿ ಅಬೌಟ್ ಯುವರ್‌ಸೆಲ್ಫ್” ಅಂದರೆ “ಮೈಸೆಲ್ಫ್ ಇಂಥವನು, ಮೈ ಫಾದರ್ ಈಸ್ ಅಗ್ರಿಕಲ್ಚರಿಸ್ಟ್” ಎಂದು ವಂಶಾವಳಿ. ಅಪ್ಪನಿಗೆ ಕೆಲಸ ಕೊಡುವುದಿಲ್ಲ ಕಣಯ್ಯಾ! ದೌರ್ಬಲ್ಯ ಕೇಳಿದರೆ “ಐ ಆಮ್ ಎ ಪರ್ಫೆಕ್ಷನಿಸ್ಟ್”. ಕೇಳುವವರಿಗೆ ಆ ಹೊತ್ತಿಗೆ ಆಕಳಿಕೆ.

ಹವ್ಯಾಸವನ್ನು ತಮಾಷೆಯೆಂದು ತಿಳಿಯಬೇಡಿ. ಐಎಎಸ್ ಪರೀಕ್ಷೆಯ ಒಟ್ಟು 2,025 ಅಂಕಗಳಲ್ಲಿ 275 ಸಂದರ್ಶನದ್ದು. ಅಲ್ಲಿ ಕೂತವರು ನೀವೇ ತುಂಬಿದ ಅರ್ಜಿಯನ್ನು ಮುಂದಿಟ್ಟುಕೊಂಡಿರುತ್ತಾರೆ. ತೋಟಗಾರಿಕೆ ಎಂದು ಬರೆದರೆ ಕರಿಬೇವಿಗೆ ಹುಳಿ ಮಜ್ಜಿಗೆ ಯಾಕೆ ಹಾಕುತ್ತಾರೆ ಎಂಬಲ್ಲಿಗೆ ಹೋಗಬಹುದು. ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಸರ್ ಅನ್ನಿ, ಆಕಾಶವೇನೂ ಬೀಳುವುದಿಲ್ಲ. ಬೀಳುವುದು ಗೊತ್ತಿಲ್ಲದ್ದನ್ನು ಐದು ನಿಮಿಷ ವಿವರಿಸಿದಾಗ.

ಕಟ್ಟಕಡೆಗೆ “ನಮ್ಮನ್ನು ಏನಾದರೂ ಕೇಳುವುದಿದೆಯೇ?” ಎನ್ನುತ್ತಾರೆ. ತೊಂಬತ್ತು ಪಾಲು “ನೋ ಸರ್, ಥ್ಯಾಂಕ್ಯೂ ಸರ್”. ಬದುಕಿನ ಐದಾರು ವರ್ಷ ಕೊಡಹೊರಟ ಜಾಗದ ಬಗ್ಗೆ ಒಂದೂ ಪ್ರಶ್ನೆ ಇಲ್ಲ! ನಾವು ಬದನೆಕಾಯಿ ಕೊಳ್ಳುವಾಗಲೂ ತೊಟ್ಟು ತಿರುಗಿಸಿ ನೋಡುತ್ತೇವೆ. ಎದುರುಮನೆಯ ಹುಡುಗಿ ಮಾತ್ರ ಕೇಳಿದಳಂತೆ, “ಈ ಜಾಗದಲ್ಲಿ ಹಿಂದೆ ಇದ್ದವರು ಯಾಕೆ ಬಿಟ್ಟರು ಸರ್?” ಸಂದರ್ಶನಕ್ಕೆ ಕೂತಿದ್ದ ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಒಬ್ಬರು ಕೆಮ್ಮಿದರು, ಇನ್ನೊಬ್ಬರು ನೀರು ಕುಡಿದರು. ಮರುವಾರ ಕೆಲಸದ ಪತ್ರ ಬಂತು. ಇವಳೇ ಒಲ್ಲೆ ಅಂದಳು.