ಬಿಸಿಲೂರಲ್ಲಿ ಕಟ್ಟಿಗೆ ಸುಡುವ ಕಲೆ

ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಕಲಬುರಗಿಯಲ್ಲಿ ಕುಳಿತು, ಕಾದ ಪೆನ್ನಿನಿಂದ ಮರ ಸುಟ್ಟು ಚಿತ್ರ ಬರೆಯುತ್ತೇನೆಂದರೆ ಮನೆಯವರು ಸುಮ್ಮನಿರುತ್ತಾರೆಯೇ? "ಕರೆಂಟ್ ಯಾಕ್ರಿ ದಂಡ? ಹಲಗಿ ಮಾಳಿಗಿ ಮ್ಯಾಲ ಇಡ್ರಿ, ತಾನೇ ಸುಡ್ತದ!" ಪೂರ್ತಿ ತಮಾಷೆಯೇನಲ್ಲ; ಭೂತಗನ್ನಡಿ ಹಿಡಿದು ಬಿಸಿಲಿನಿಂದಲೇ ಮರದ ಮೇಲೆ ಚಿತ್ರ ಸುಡುವವರಿದ್ದಾರೆ. ನಮ್ಮೂರಲ್ಲಿ ಹಾಗೆ ಕುಳಿತರೆ ಹಲಗೆಗಿಂತ ಮೊದಲು ನೆತ್ತಿ ಹೊಗೆಯಾಡೀತು.

ಹೊಸಬರು ಮೊದಲು ಹಲಗೆ ನೋಡಿಕೊಳ್ಳಿ. ಚನ್ನಪಟ್ಟಣದ ಗೊಂಬೆಗೆ ಬಳಸುವ ಹಾಲೆ ಮರದಂಥ ತಿಳಿಬಣ್ಣದ ಮೃದು ಮರ ಸಿಕ್ಕರೆ ಪುಣ್ಯ. ಬಣ್ಣ ಬಳಿದದ್ದು, ಪ್ಲೈವುಡ್ಡು ಬೇಡವೇ ಬೇಡ. ಬಣ್ಣ, ಅಂಟು ಸುಟ್ಟ ಹೊಗೆ ಒಳ್ಳೆಯದಲ್ಲ. ಸ್ಯಾಂಡ್‌ಪೇಪರಿನಿಂದ ತಿಕ್ಕಿ, ಪೆನ್ಸಿಲಿನಲ್ಲಿ ಬರೆದುಕೊಂಡು, ಒತ್ತದೆ ನಿಧಾನ ಎಳೆಯಿರಿ. ಯೋಚಿಸುತ್ತ ನಿಂತರೆ ಅಲ್ಲೊಂದು ಕಪ್ಪು ಬೊಟ್ಟು. ಕಿಟಕಿ ತೆರೆದಿರಲಿ. ಫ್ಯಾನಿನ ನೇರ ಗಾಳಿಗೆ ನೀವು ತಣ್ಣಗಾಗುವ ಮೊದಲೇ ಪೆನ್ನಿನ ಮೊನೆ ತಣ್ಣಗಾಗುತ್ತದೆ. ಕರೆಂಟ್ ಹೋದರೆ ಸ್ವಿಚ್ ಆರಿಸಿ ಏಳಿ. ಅದು ಹೇಳಿ ಬರುವುದಿಲ್ಲ.

ಮೊದಲ ಚಿತ್ರಕ್ಕೇ ಬಹಮನಿ ಕೋಟೆಗೆ ಕೈ ಹಾಕಬೇಡಿ. ಕಮಲಾಪುರದ ಬಾಳೆಹಣ್ಣು ಸಾಕು, ಎರಡೇ ಬಾಗಿದ ಗೆರೆ. ತೊಂದರೆಯೆಂದರೆ ಭೌಗೋಳಿಕ ಸೂಚಿ ಪಡೆದ ಆ ಹಣ್ಣು ಕೆಂಪು, ಸುಟ್ಟ ಮರ ಕೊಡುವುದು ಬರೀ ಕಂದು, ಕಪ್ಪು. ಕಮಲಾಪುರದವರು "ಇದು ನಮ್ ಹಣ್ಣಲ್ರಿ, ಕೊಳತದ್ದು" ಎಂದರೆ ವಾದಕ್ಕಿಳಿಯಬೇಡಿ. ಬದನೆಕಾಯಿ ಎಂದುಬಿಡಿ.