ಕಲ್ಯಾಣ-ಹುಮನಾಬಾದ ವಂಚನಾ ಶೋಧ ಪೀಠ: ಸ್ಥಾಪನೆ ಮತ್ತು ಸಿಬ್ಬಂದಿ ಭರ್ತಿ ಕುರಿತೊಂದು ಮಹಾಪ್ರಬಂಧದ ಸಾರ

ಕಂಪನಿಗಳ ಕಳ್ಳಲೆಕ್ಕ ಹಿಡಿಯುವ ಶಾಸ್ತ್ರ ದಿಲ್ಲಿಯಲ್ಲಿ ಹುಟ್ಟಿತೆಂಬುದು ಪೂರ್ವಪಕ್ಷ. ಅದು ಬಸವಕಲ್ಯಾಣದಲ್ಲಿ ಹುಟ್ಟಿ, ಡೆಪ್ಯುಟೇಶನ್ ಮೇಲೆ ದಿಲ್ಲಿಗೆ ಹೋಗಿ, ಮರಳಿ ಬರಲೇ ಇಲ್ಲವೆಂಬುದು ನಮ್ಮ ಸಿದ್ಧಾಂತ.

ಪ್ರಮಾಣ ಕೇಳುವವರಿಗೆ ವಿಜ್ಞಾನೇಶ್ವರನಿದ್ದಾನೆ. ಆರನೇ ವಿಕ್ರಮಾದಿತ್ಯನ ಕಾಲದಲ್ಲಿ ಇದೇ ಕಲ್ಯಾಣದಲ್ಲಿ ಆತ ಯಾಜ್ಞವಲ್ಕ್ಯ ಸ್ಮೃತಿಗೆ ‘ಮಿತಾಕ್ಷರಾ’ ವ್ಯಾಖ್ಯಾನ ಬರೆದ. ಆ ಸ್ಮೃತಿಯಲ್ಲಿ ಸಂಭೂಯ ಸಮುತ್ಥಾನವೆಂಬ ಪ್ರಕರಣವೇ ಇದೆ. ನಾಲ್ವರು ಕೂಡಿ ವ್ಯಾಪಾರಕ್ಕಿಳಿದರೆ ಲಾಭನಷ್ಟ ಪಾಲಿನಂತೆ, ಇಲ್ಲವೇ ಕರಾರಿನಂತೆ. ಮೋಸಗಾರ ಪಾಲುದಾರನನ್ನು ಲಾಭ ಕೊಡದೆ ಹೊರಗಟ್ಟಬೇಕು. ಕೈಲಾಗದವನು ತನ್ನ ಕೆಲಸವನ್ನು ಮತ್ತೊಬ್ಬನಿಂದ ಮಾಡಿಸಬೇಕು. ಈ ಕೊನೆಯ ವಿಧಿಯೇ ಡೆಪ್ಯುಟೇಶನ್ನಿನ ಮೂಲವೆಂಬುದು ವಿದ್ವಾಂಸರ ಕಣ್ಣಿಗೆ ಬೀಳದೆ ಹೋದದ್ದು ಸೋಜಿಗ. ಗ್ರಂಥದ ಕೊನೆಯಲ್ಲಿ ವಿಜ್ಞಾನೇಶ್ವರ ಊರಿಗೂ ದೊರೆಗೂ ತನಗೂ ನೂರಕ್ಕೆ ನೂರು ಅಂಕ ಕೊಟ್ಟಿದ್ದಾನೆ. ವಾರ್ಷಿಕ ಕಾರ್ಯದಕ್ಷತಾ ವರದಿಯನ್ನು ನೌಕರನೇ ತುಂಬುವ ಪದ್ಧತಿಗೂ ಕಲ್ಯಾಣವೇ ತವರು.

ತಪಾಸಣೆಗೂ ನಿದರ್ಶನವುಂಟು. ಭಂಡಾರಿ ಬಸವಣ್ಣ ಬೊಕ್ಕಸದ ಹಣವನ್ನು ಜಂಗಮರಿಗೆ ಸುರಿಯುತ್ತಿದ್ದಾನೆಂದು ಬಿಜ್ಜಳನಿಗೆ ಚಾಡಿ ಹೋಯಿತು. ಲೆಕ್ಕ ನೋಡಿದರೆ ಒಂದು ಹೊನ್ನೂ ಕಡಿಮೆಯಿರಲಿಲ್ಲ ಎನ್ನುತ್ತವೆ ಶರಣರ ಕಥೆಗಳು. ಈ ಪ್ರಕರಣವನ್ನು ನಾವು ಮಾದರಿಯೆಂದು ಶಿಫಾರಸು ಮಾಡುವುದಿಲ್ಲ. ತನಿಖೆ ಅಷ್ಟು ಬೇಗ ಮುಗಿದರೆ ಹುದ್ದೆ ಮುಂದುವರಿಸಲು ಯಾವ ಕಾರಣ ಕೊಡುವುದು? ಇನ್ನು ಆಯ್ದಕ್ಕಿ ಲಕ್ಕಮ್ಮ. ಗಂಡ ಮಾರಯ್ಯ ಬೇಕಾದ್ದಕ್ಕಿಂತ ಹೆಚ್ಚು ಅಕ್ಕಿ ತಂದದ್ದನ್ನು ನೋಡಿದವಳೇ, ಮರಳಿ ಸುರಿದು ಬಾ ಎಂದು ಅಟ್ಟಿದಳು. ಇಂಥ ಆಡಿಟರ್ ಇನ್ನೆಲ್ಲಿ ಸಿಕ್ಕಾರು! ಆದರೆ ಗಂಡ ನಿರ್ದೇಶಕನಾಗಿರುವ ಕಂಪನಿಗೆ ಹೆಂಡತಿ ಆಡಿಟರ್ ಆಗಕೂಡದೆಂದು 2013ರ ಕಂಪನಿ ಕಾಯಿದೆಯ 141ನೇ ಕಲಮು ಹೇಳುತ್ತದೆ. ಲಕ್ಕಮ್ಮನ ಅರ್ಜಿ ತಿರಸ್ಕೃತ.

ಈಗ ಆಧುನಿಕ ಯುಗ. ಕಂಪನಿಗಳ ವಂಚನೆ ಹಿಡಿಯಲು ಕಚೇರಿಯೊಂದು ಬೇಕೆಂದು ನರೇಶ್ ಚಂದ್ರ ಸಮಿತಿ 2002ರಲ್ಲಿ ಹೇಳಿತು, 2003ರಲ್ಲಿ ಗಂಭೀರ ವಂಚನೆ ತನಿಖಾ ಕಚೇರಿ ಹುಟ್ಟಿತು. 2009ರಲ್ಲಿ ಹೈದರಾಬಾದಿನ ಸತ್ಯಂ ಕಂಪನಿಯ ಯಜಮಾನರು ತಾವೇ ಪತ್ರ ಬರೆದು ತಪ್ಪೊಪ್ಪಿಕೊಂಡರು. ಹಿಡಿಯುವವರಿಗೆ ಕಳ್ಳರು ತೋರಿದ ಇಂಥ ಸೌಜನ್ಯ ಅಪರೂಪ. 2015ರಲ್ಲಿ ಕಚೇರಿಗೆ ಶಾಸನದ ಮಾನ್ಯತೆ, 2017ರಲ್ಲಿ ಬಂಧಿಸುವ ಅಧಿಕಾರ. ಅಂತೂ ಹದಿನಾಲ್ಕನೆಯ ವಯಸ್ಸಿಗೆ ಬೇಡಿ ಬಂತು, ತೊಡಿಸುವ ಕೈಗಳಷ್ಟೇ ಕಡಿಮೆ ಬಿದ್ದವು. ಅಧಿಕಾರಿಗಳು ಬೇರೆ ಇಲಾಖೆಗಳಿಂದ ಎರವಲು ಬರಬೇಕು, ಬರುವವರು ಕಡಿಮೆ. ಖಾಲಿ ಹುದ್ದೆಗಳ ಮಾತು ಸಂಸತ್ತಿನ ಸ್ಥಾಯಿ ಸಮಿತಿಯವರೆಗೂ ಹೋಗಿದೆ. ನಮ್ಮ ಕಡೆಯ ಮಂದಿ ಇದನ್ನೇ ಒಂದು ಸಾಲಿನಲ್ಲಿ ಮುಗಿಸುತ್ತಾರೆ: “ಕಾಯ್ದೆ ಅದ, ಕುರ್ಚಿ ಅದ, ಕೂಡಾವ್ರ ಇಲ್ಲ.”

ಆದಕಾರಣ ಶಾಖೆಯೊಂದು ಇಲ್ಲೇ ಆಗಬೇಕು. ಎಲ್ಲಿ? ಕಲ್ಯಾಣಕ್ಕೆ ಇತಿಹಾಸವಿದೆ, ರೈಲಿಲ್ಲ. ಹುಮನಾಬಾದಕ್ಕೆ ಬೀದರ್-ಕಲಬುರಗಿ ಮಾರ್ಗದ ಸ್ಟೇಶನ್ನೂ ಪುಣೆ-ಹೈದರಾಬಾದ್ ಹೆದ್ದಾರಿಯೂ ಇವೆ, ಚಾಲುಕ್ಯರ ರಾಜಧಾನಿಯೆಂಬ ಬಿರುದಿಲ್ಲ. ಬೋರ್ಡು ಕಲ್ಯಾಣದಲ್ಲಿರಲಿ, ಕುರ್ಚಿಗಳು ಹುಮನಾಬಾದದಲ್ಲಿರಲಿ, ಕಡತಗಳು ನಡುವೆ ಬಸ್ಸಿನಲ್ಲಿ ಓಡಾಡುತ್ತಿರಲಿ ಎಂಬುದು ನಮ್ಮ ತೀರ್ಪು.

ಸಿಬ್ಬಂದಿಯ ವಿಷಯ. ಬ್ಯಾಂಕಿಂಗ್, ತೆರಿಗೆ, ಫೊರೆನ್ಸಿಕ್ ಆಡಿಟ್, ಷೇರು ಪೇಟೆ, ಕಂಪ್ಯೂಟರು, ಕಾನೂನು, ಕಂಪನಿ ವ್ಯವಹಾರ ಬಲ್ಲವರು ಬೇಕೆಂದು ಅದೇ ಕಂಪನಿ ಕಾಯಿದೆಯ 211ನೇ ಕಲಮು ಪಟ್ಟಿ ಕೊಡುತ್ತದೆ. ಇವರನ್ನು ಹುಡುಕಿಕೊಂಡು ಮುಂಬಯಿಗೆ ಹೋಗಬೇಕಿಲ್ಲ. ಅಡತಿ ಅಂಗಡಿಯ ಮುನೀಮರನ್ನು ನೋಡಿ. ತೊಗರಿ ಮಾಲು ಇಳಿಯುತ್ತಿದ್ದ ಹಾಗೆಯೇ ಕಚ್ಚಾ ಚೀಟಿ ಕಿಸೆಗೆ, ಪಕ್ಕಾ ಬಿಲ್ಲು ಗಲ್ಲೆಗೆ. ಚೀಟಿಯ ಹಿಂಬದಿಯ ಪೆನ್ಸಿಲ್ ಗೀಟು ನೋಡಿಯೇ ಯಾವ ಚೀಲದಲ್ಲಿ ಎಷ್ಟು ಕಿಲೋ ಹಾರಿದೆ ಎನ್ನಬಲ್ಲರು. ಹೆದ್ದಾರಿ ಬದಿಯ ಮಿಸ್ತ್ರಿ ಬಾನೆಟ್ ಎತ್ತದೆ, ಸದ್ದು ಕೇಳಿಯೇ, ಮೀಟರು ಹಿಂದಕ್ಕೆ ತಿರುಗಿಸಿದ ಲಾರಿಯನ್ನು ಗುರುತಿಸುತ್ತಾನೆ. ಫೊರೆನ್ಸಿಕ್ ಎಂದರೆ ಬೇರೇನು?

ಇಲ್ಲೊಂದು ಆಕ್ಷೇಪವಿದೆ. ಇವರ್ಯಾರೂ ಸರ್ಕಾರಿ ನೌಕರರಲ್ಲ, ಆದ್ದರಿಂದ ಎರವಲು ಬರಲಾರರು. ಸಂವಿಧಾನದ 371(ಜೆ) ಮೀಸಲಾತಿ ಹಿಡಿಯೋಣವೆಂದರೆ ಅದು ರಾಜ್ಯದ ಹುದ್ದೆಗಳಿಗೆ, ಕಚೇರಿಯೋ ಕೇಂದ್ರದ್ದು. ಬಲ್ಲವರಿಗೆ ಅರ್ಹತೆಯಿಲ್ಲ, ಅರ್ಹರಿಗೆ ಹುಮನಾಬಾದದ ಮೇ ತಿಂಗಳ ಬಿಸಿಲು ಒಲ್ಲದು. ಈ ಆಕ್ಷೇಪಕ್ಕೆ ಪರಿಹಾರ ಮಿತಾಕ್ಷರಾದಲ್ಲೂ ಸಿಕ್ಕಿಲ್ಲ.

ಹುದ್ದೆಗಳು ಖಾಲಿ ಇವೆ. ಅರ್ಹರು ಅರ್ಜಿ ಹಾಕಿ. ಬಂದ ಮರುದಿನವೇ ವರ್ಗಾವಣೆಗೆ ಇನ್ನೊಂದು ಅರ್ಜಿ ಹಾಕಬೇಡಿ.